ಬಂಗಾಲಿ ಅಳಿಯನ ಸಿನಿಮಾಕ್ಕೆ ಮಾತು ಹೇಳಿಕೊಟ್ಟದ್ದು

ಸಿನಿಮಾದಲ್ಲಿ ಪ್ರಾಂಪ್ಟರ್ ಆಗಬೇಕೆಂದು ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ನಟರಿಗೆ ಮಾತು ಹೇಳಿಕೊಡುವ ಮುಂಚೆ ಆ ಮಾತಿನ ಅರ್ಥ ಹೇಳಿಕೊಡಿ. ಇದನ್ನು ನನಗೆ ಯಾವ ಹಿರಿಯರೂ ಕಲಿಸಲಿಲ್ಲ. ಬನಹಟ್ಟಿಯ ಒಂದು ಮಗ್ಗದ ಶೆಡ್ಡಿನಲ್ಲಿ, ಹೋಗಿದ್ದ ಕರೆಂಟು ತಿರುಗಿ ಬಂದ ಗಳಿಗೆಯಲ್ಲಿ ಕಲಿತೆ. ಆ ಗಳಿಗೆ ಈಗಲೂ ನನ್ನನ್ನು ಬಿಟ್ಟಿಲ್ಲ. ಕೆಲಸ ಬಿಟ್ಟು ಜಮಖಂಡಿಯ ಮನೆಯಲ್ಲಿ ಆರಾಮಾಗಿದ್ದೇನೆ. ಆದರೂ ಕರೆಂಟು ಹೋಗಿ ಬಂದು ಫ್ಯಾನು ತಿರುಗತೊಡಗಿದರೆ ಸಾಕು, ಕೂತಲ್ಲಿಂದ ಎದ್ದು ನಿಂತುಬಿಡುತ್ತೇನೆ. ಹೆಂಡತಿ, ‘ಫ್ಯಾನ್ ಅದು. ಕುಂದರ್ರಿ’ ಅನ್ನುತ್ತಾಳೆ. ಕೂರುತ್ತೇನೆ.

ಈ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕನ್ನಡ ಬಾರದ ನಟಿಯೋ ನಟನೋ ಕನ್ನಡ ಸಿನಿಮಾದಲ್ಲಿ ಮಾತಾಡಬೇಕಾದಾಗ, ಕ್ಯಾಮೆರಾಕ್ಕೆ ಕಾಣದಂತೆ ಒಬ್ಬ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಹೇಳುತ್ತಾನೆ. ಅವರು ಅದನ್ನು ಕೇಳಿದ ಕೂಡಲೇ, ತಮ್ಮ ಎದೆಯೊಳಗಿಂದಲೇ ಬಂತೇನೋ ಎಂಬ ಹಾಗೆ, ಅಳುತ್ತಲೋ ನಗುತ್ತಲೋ ಹೇಳುತ್ತಾರೆ. ಹೀಗೆ ಕೂತು ಹೇಳುವವನೇ ಪ್ರಾಂಪ್ಟರ್. ನಾನು ಜಮಖಂಡಿಯಲ್ಲಿ ಬಿ.ಎ. ಮುಗಿಸಿ ನಾಟಕದ ಹುಚ್ಚು ಹತ್ತಿ ಬೆಂಗಳೂರಿಗೆ ಹೋದವನು. ಬಣ್ಣ ಹಚ್ಚಿಕೊಳ್ಳಲು ಹೋದವನಿಗೆ, ಬಣ್ಣ ಹಚ್ಚಿದವರ ಕಾಲ ಬುಡದಲ್ಲಿ ಕೂರುವ ಕೆಲಸ ಸಿಕ್ಕಿತು. ಬೇಸರವಿಲ್ಲ. ಸಿನಿಮಾ ಆ ಜಾಗದಿಂದ ಕಂಡಷ್ಟು ಚೆನ್ನಾಗಿ ಇನ್ನೆಲ್ಲಿಂದಲೂ ಕಾಣುವುದಿಲ್ಲ.

ನನಗೆ ಕೆಲಸ ಕಲಿಸಿದವರು ಸಂಭಾಷಣೆ ಬರೆಯುತ್ತಿದ್ದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ದೊಡ್ಡವರು ಎಂದೇ ಕರೆಯುತ್ತಿದ್ದರು. ಮೊದಲ ದಿನವೇ ಅವರು, ‘ನೀನು ಗಾಳಿ ಇದ್ದ ಹಾಗೆ ಇರಬೇಕು ಕಣಯ್ಯ. ಇದ್ದೀಯ ಅಂತ ಯಾರಿಗೂ ಗೊತ್ತಾಗಬಾರದು. ನಿನ್ನ ನೆರಳು ಕೂಡ ಫ್ರೇಮಿನೊಳಗೆ ಬರಬಾರದು’ ಅಂದರು. ಇನ್ನೊಂದು ಮಾತೂ ಹೇಳಿದರು. ‘ಅರ್ಥ ಹೇಳೋಕೆ ಹೋಗಬೇಡ. ಅರ್ಥ ಗೊತ್ತಾದರೆ ಅವರು ಯೋಚನೆ ಮಾಡ್ತಾರೆ. ಯೋಚನೆ ಮಾಡಿದರೆ ತುಟಿ ತಪ್ಪುತ್ತೆ. ಶಬ್ದ ಕೊಡು, ಭಾವ ಕೊಡು, ಸಾಕು.’ ಅಂದಿನ ಎಲ್ಲ ಪ್ರಾಂಪ್ಟರುಗಳ ಪದ್ಧತಿ ಇದೇ ಆಗಿತ್ತು. ಕೆಲಸವೂ ಸುಸೂತ್ರವಾಗಿ ಆಗುತ್ತಿತ್ತು.

ಸುಸೂತ್ರ ಎಂದೆನಲ್ಲ, ನಗೆಪಾಟಲು ಇರಲಿಲ್ಲ ಎಂದಲ್ಲ. ಆಂಧ್ರದ ಕಡೆಯಿಂದ ಬಂದಿದ್ದ ಒಬ್ಬ ಖಳನಟರಿಗೆ ನಾನು ಮಾತು ಹೇಳಿಕೊಡುತ್ತಿದ್ದೆ. ಅವರು ನಾಯಕನ ಕೊರಳಪಟ್ಟಿ ಹಿಡಿದು ಗುಡುಗಬೇಕು. ದನಿ ಸಾಲದೆನಿಸಿ ನಾನು ‘ಸ್ವಲ್ಪ ಜೋರಾಗಿ’ ಅಂದೆ. ಅವರು ನಾಯಕನನ್ನು ಎತ್ತಿ ಅಲುಗಾಡಿಸಿ, ಕಣ್ಣು ಕೆಂಪಗೆ ಮಾಡಿಕೊಂಡು, ‘ಸ್ವಲ್ಪ ಜೋರಾಗಿ!’ ಎಂದು ಗುಡುಗಿದರು. ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ತಾನು ಏನೋ ಚಂದ ಮಾಡಿದೆ ಅಂದುಕೊಂಡು ಅವರೂ ನಕ್ಕರು. ಕಿವಿಗೆ ಬಿದ್ದದ್ದನ್ನೆಲ್ಲ ಬಾಯಿಗೆ ದಾಟಿಸುವ ಅಭ್ಯಾಸ ಅಷ್ಟು ಗಟ್ಟಿ. ಅದನ್ನು ಗಟ್ಟಿ ಮಾಡುವುದೇ ನಮ್ಮ ಕೆಲಸವಾಗಿತ್ತು.

ಆಗೆಲ್ಲ ನಾವು ಗಂಟಲು ಹರಿಯುವಂತೆ ಕೂಗಬಹುದಿತ್ತು. ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿ ಕೂಡಿಸುತ್ತಿದ್ದರು. ನಂತರ, ನಟಿಸುವಾಗ ಆಡಿದ ಮಾತನ್ನೇ ಸ್ಥಳದಲ್ಲಿ ಹಿಡಿದು ಇಟ್ಟುಕೊಳ್ಳುವ ಪದ್ಧತಿ ಬಂತು. ಆಗ ಪ್ರಾಂಪ್ಟರ್ ಕೂಗಿದರೆ ಕೆಟ್ಟಿತು. ಅದಕ್ಕೆ ಕಡಲೆಕಾಳಿನಷ್ಟು ಸಣ್ಣ ಯಂತ್ರ ಬಂತು. ಅದನ್ನು ನಟಿಯ ಕಿವಿಯೊಳಗೆ ಇಟ್ಟು, ನಾವು ದೂರ ಕೂತು ಸಣ್ಣ ಮೈಕಿನಲ್ಲಿ ಪಿಸುಗುಟ್ಟಿದರೆ ಅವಳೊಬ್ಬಳಿಗೇ ಕೇಳುತ್ತದೆ. ಕೂಗಿ ಕೂಗಿ ದನಿ ಕೆಡಿಸಿಕೊಂಡಿದ್ದ ನಮಗೆಲ್ಲ ಅದು ವರವಾಗಿ ಬಂತು.

ನಾನು ಮಾಡಿದ ಕೊನೆಯ ಸಿನಿಮಾ ನಮ್ಮ ಕಡೆಯದೇ. ಕತೆ ಹೀಗೆ. ಅನಿರ್ಬಾನ್ ಎಂಬ ಕೊಲ್ಕತ್ತೆಯ ಹುಡುಗ ಮುಧೋಳದ ಹತ್ತಿರದ ಸಕ್ಕರೆ ಕಾರ್ಖಾನೆಗೆ ಕೆಮಿಸ್ಟ್ ಆಗಿ ಬರುತ್ತಾನೆ. ಬನಹಟ್ಟಿಯ ನೇಕಾರರ ಮಗಳು ಶಿವಲೀಲಾಳ ಮೇಲೆ ಮನಸ್ಸಾಗುತ್ತದೆ. ಅವನಿಗೆ ದಿನಕ್ಕೊಮ್ಮೆ ಮೀನು ಬೇಕು. ಅವರ ಮನೆಯಲ್ಲಿ ಸೋಮವಾರ ಉಳ್ಳಾಗಡ್ಡಿಯನ್ನೂ ಹೆಚ್ಚುವುದಿಲ್ಲ. ಅರ್ಧ ಸಿನಿಮಾ ನಗು, ಇನ್ನರ್ಧ ಕಣ್ಣೀರು. ನಿರ್ದೇಶಕ ಸುಹಾಸ್ ಬೆಂಗಳೂರಿನವರು. ಸಣ್ಣ ವಯಸ್ಸು, ದೊಡ್ಡ ಅವಸರ.

ಮೋಜಿನ ಸಂಗತಿಯೆಂದರೆ ನಿಜದಲ್ಲಿ ಎಲ್ಲ ತಿರುಗಾಮುರುಗಾ. ಬಂಗಾಲಿ ಹುಡುಗನಾಗಿ ನಟಿಸುವ ಚೇತನ್ ಮೈಸೂರಿನವನು, ಅರಳು ಹುರಿದ ಹಾಗೆ ಕನ್ನಡ ಆಡುವವನು. ಬನಹಟ್ಟಿಯ ಹುಡುಗಿಯಾಗಿ ನಟಿಸುವ ಜಸ್ಲೀನ್ ಚಂಡೀಗಢದವಳು. ಅವಳಿಗೆ ಬರುತ್ತಿದ್ದ ಕನ್ನಡ ‘ನಮಸ್ಕಾರ’ ಮತ್ತು ‘ಊಟ’. ಹೀಗಾಗಿ ನನ್ನ ಕೆಲಸ ಎರಡು ಬಗೆಯದು. ಒಬ್ಬನಿಗೆ ಬರುವ ಕನ್ನಡ ಕೆಡಿಸಬೇಕು, ಇನ್ನೊಬ್ಬಳಿಗೆ ಬಾರದ ಕನ್ನಡ ನುಡಿಸಬೇಕು.

ಕೆಡಿಸುವುದು ಹೆಚ್ಚು ಕಷ್ಟ. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಅನಿರ್ಬಾನ್ ಬಸ್ಸಿಳಿದು ದಾರಿ ಕೇಳುವ ದೃಶ್ಯ. ಜನ ಸಹಜವಾಗಿ ಇರಲೆಂದು ಕ್ಯಾಮೆರಾವನ್ನು ಬೆಲ್ಲದ ಪೆಂಟಿಗಳ ಹಿಂದೆ ಬಚ್ಚಿಟ್ಟಿದ್ದರು. ಚೇತನ್ ಪಟಗ ಸುತ್ತಿದ ಒಬ್ಬ ಹಿರಿಯರ ಹತ್ತಿರ ಹೋಗಿ, ‘ನಾನ್ ಬಂಗಾಲಿ. ಬನಹಟ್ಟಿ ಹೋಗೋದು ಹೇಗೆ ಆಗುತ್ತೆ?’ ಎಂದ. ಹಿರಿಯರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

‘ತಮ್ಮಾ, ಮೈಸೂರ ಕಡ್ಯಾವ ಅದಿ. ಬಂಗಾಲಿ ಅಂತ ಯಾಕ ಸುಳ್ಳ ಹೇಳ್ತಿ? ಮನ್ಯಾಗ ಜಗಳ ಮಾಡ್ಕೊಂಡ ಬಂದಿಯೇನ?’

ಚೇತನ್ ಪಾತ್ರ ಬಿಡಲಿಲ್ಲ. ‘ಇಲ್ಲ ದಾದಾ, ನಾನ್ ಕೊಲ್ಕತ್ತಾ.’

‘ಆತು, ಎಲ್ಲ್ಯಾವರ ಆಗು. ಹಸದಂಗ ಕಾಣ್ತಿ, ಮೊದಲ ಒಂದ ಕಪ್ ಚಾ ಕುಡಿ ನಡಿ’ ಎಂದು ಅವನ ಕೈ ಹಿಡಿದು ಎಳೆದುಕೊಂಡು ಕ್ಯಾಂಟೀನಿಗೆ ನಡೆದೇಬಿಟ್ಟರು. ಸುಹಾಸ್ ಪೆಂಟಿಯ ಹಿಂದೆ ತಲೆಯ ಮೇಲೆ ಕೈ ಹೊತ್ತರು. ಆ ದೃಶ್ಯವನ್ನು ಮತ್ತೆ ತೆಗೆಯಬೇಕಾಯಿತು.

ಮನೆಯ ದೃಶ್ಯಗಳೆಲ್ಲ ಬನಹಟ್ಟಿಯ ಗಂಗಕ್ಕನ ಮನೆಯಲ್ಲಿ. ಮುಂದೆ ಅಂಗಳ, ಪಡಸಾಲೆ, ಹಿಂದೆ ನಾಲ್ಕಾರು ಪವರ್‌ಲೂಮುಗಳ ಶೆಡ್ಡು. ಗಂಗಕ್ಕ ಗಂಡನ ಜೊತೆ ಸರಿಸಮಕ್ಕೆ ಮಗ್ಗ ಓಡಿಸುವವಳು, ಮಾತಿನಲ್ಲಿ ಊರಿಗೇ ಮುಂದು. ಬಂಗಾಲಿ ಮದುವೆಗಳಲ್ಲಿ ಗಂಡಿನ ಕಡೆಯವರು ಒಂದು ದೊಡ್ಡ ಮೀನಿಗೆ ಸೀರೆ ಉಡಿಸಿ, ಮದುಮಗಳ ಹಾಗೆ ಸಿಂಗರಿಸಿ ಹೆಣ್ಣಿನ ಮನೆಗೆ ಕಳಿಸುವ ಪದ್ಧತಿ ಇದೆ. ಕತೆಯಲ್ಲಿ ಆ ಮೀನು ಈ ಸಸ್ಯಾಹಾರಿ ಮನೆಯ ಅಂಗಳಕ್ಕೆ ಬಂದಿಳಿಯಬೇಕು. ಸುಹಾಸ್ ಅಳುಕುತ್ತ ಗಂಗಕ್ಕನಿಗೆ ವಿಷಯ ಹೇಳಿದರು.

‘ಮೀನಕ್ಕ? ನಮ್ಮ ಮಗ್ಗದ ಸೀರಿ?’ ಗಂಗಕ್ಕ ಸೊಂಟದ ಮೇಲೆ ಕೈ ಇಟ್ಟಳು. ‘ಏ ಸುಹಾಸಪ್ಪಾ, ನೀ ಊಟ ಮಾಡೀಯೋ ಇಲ್ಲೋ?’

‘ನಿಜವಾದ ಮೀನಲ್ಲ ಅಕ್ಕ. ಫೋಮಿಂದು.’

ಫೋಮಿನ ಮೀನು ಬಂತು. ಕಲಾ ವಿಭಾಗದವರು ಸೀರೆ ಸುತ್ತಿದರೆ ಅದು ಬ್ಯಾಂಡೇಜಿನ ಹಾಗೆ ಕಾಣುತ್ತಿತ್ತು. ದೂರದಿಂದ ಮುಖ ಸಿಂಡರಿಸಿ ನೋಡುತ್ತಿದ್ದ ಗಂಗಕ್ಕನಿಗೆ ತಡೆಯಲಾಗಲಿಲ್ಲ. ‘ಸರೀರಿ ಆಚಿ’ ಎಂದು ಬಂದು ಕೂತು ನಿರಿಗೆ ಹಿಡಿದಳು. ಸೆರಗಿಗೆ ಬಂದಾಗ ಕೈ ನಿಂತಿತು. ‘ಈ ಕನ್ಯಾಕ ಹೆಗಲ ಎಲ್ಲಿ ಐತಿ ಮಾಸ್ತರ? ಸೆರಗ ಎಲ್ಲಿ ಹೊಚ್ಚಲಿ?’ ಎಂದು ನನ್ನನ್ನು ಕೇಳಿದಳು. ಮಾತು ಹೇಳಿಕೊಡುವವನಾದ್ದರಿಂದ ನಾನು ಅವಳ ಪಾಲಿನ ಮಾಸ್ತರ. ಜಸ್ಲೀನ್ ನಕ್ಕು ನಕ್ಕು ಕಟ್ಟೆಯ ಮೇಲೆ ಒರಗಿದಳು. ಮಾತು ತಿಳಿಯದಿದ್ದರೂ ಗಂಗಕ್ಕನ ಕೈಯನ್ನು ನೋಡಿಯೇ ಅವಳಿಗೆ ಎಲ್ಲ ತಿಳಿದಿತ್ತು.

ಜಸ್ಲೀನ್ ಬಗ್ಗೆ ಹೇಳಬೇಕು. ಅವಳು ನಗುವಾಗ ಕಾಣುತ್ತಿದ್ದಷ್ಟು ನಿರಾಳವಾಗಿರಲಿಲ್ಲ. ಒಂದು ದಿನ ಬೀಳಗಿಯ ಹಿನ್ನೀರಿನ ದಂಡೆಯಲ್ಲಿ ಹಾಡಿನ ಚಿತ್ರೀಕರಣ ಮುಗಿಸಿ ಕೂತಿದ್ದಾಗ ಹಿಂದಿಯಲ್ಲಿ ಹೇಳಿಕೊಂಡಳು. ಇದಕ್ಕೆ ಮುಂಚೆ ಎರಡು ಭಾಷೆಗಳಲ್ಲಿ ಎರಡು ಸಿನಿಮಾಗಳಿಗೆ ಅವಳನ್ನು ನಾಯಕಿಯಾಗಿ ಆರಿಸಿ, ಚಿತ್ರೀಕರಣ ಶುರುವಾದ ಮೇಲೆ ತೆಗೆದುಹಾಕಿದ್ದರಂತೆ. ತುಟಿ ಮಾತಿಗೆ ಹೊಂದುವುದಿಲ್ಲ ಎಂಬುದೇ ಕಾರಣ. ‘ಇದೂ ಹೋದರೆ ಇನ್ನು ಯಾರೂ ನನ್ನನ್ನು ಕರೆಯುವುದಿಲ್ಲ, ಮಾಸ್ಟರ್‌ಜೀ. ಮನೆಗೆ ಹೋಗಿ ಅಮ್ಮ ಹೇಳಿದ ಹುಡುಗನನ್ನು ಮದುವೆಯಾಗುವುದೇ. ನೀವು ಏನು ಹೇಳುತ್ತೀರೋ ಅದನ್ನು ಅಕ್ಷರ ಬಿಡದೆ ಹೇಳುತ್ತೇನೆ. ನನ್ನನ್ನು ಉಳಿಸಿ’ ಎಂದಳು.

ಅಕ್ಷರ ಬಿಡದೆ ಹೇಳುತ್ತಿದ್ದಳು. ಅಷ್ಟು ಚುರುಕಾದ ಕಿವಿಯನ್ನು ನಾನು ಕಂಡಿರಲಿಲ್ಲ. ನಾನು ಪಿಸುಗುಟ್ಟಿದ ಸಾಲಿನ ಕೊನೆ ನನ್ನ ಬಾಯಿಂದ ಬೀಳುವಷ್ಟರಲ್ಲಿ ಮೊದಲಕ್ಷರ ಅವಳ ತುಟಿಯ ಮೇಲೆ ಇರುತ್ತಿತ್ತು. ಎದುರಿಗೆ ತಟ್ಟೆ ಬೀಳಲಿ, ನಾಯಿ ಬೊಗಳಲಿ, ‘ಕಟ್’ ಎನ್ನುವವರೆಗೂ ಅಲುಗುತ್ತಿರಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ.

ಬನಹಟ್ಟಿಯ ಆ ಓಣಿಯಲ್ಲಿ ಮನೆಮನೆಗೂ ಮಗ್ಗ. ಬೆಳಗಿನಿಂದ ಖಟಕ್ ಖಟಕ್ ನಿಲ್ಲುವುದಿಲ್ಲ. ಅದರ ನಡುವೆ ಮಾತು ಹಿಡಿಯುವುದು ಆಗದ ಕೆಲಸವೆಂದು, ಶೆಡ್ಡಿನ ದೃಶ್ಯಗಳಿಗೆಲ್ಲ ಆಮೇಲೆ ಡಬ್ಬಿಂಗ್ ಮಾಡುವುದೆಂದು ತೀರ್ಮಾನವಾಗಿತ್ತು. ಅಂದು ಮಧ್ಯಾಹ್ನ ಮಗ್ಗದ ಮುಂದೆ ಶಿವಲೀಲಾ ಕೆಲಸ ಮಾಡುವ ಒಂದು ಶಾಟ್ ಮುಗಿದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿ ಒಮ್ಮೆಲೆ ಸ್ತಬ್ಧವಾಯಿತು. ಎಲ್ಲೋ ಒಂದು ಕೋಳಿ ಕೆದರುವುದೂ ಕೇಳುವಷ್ಟು ಸ್ತಬ್ಧ.

ಸುಹಾಸ್ ಕುರ್ಚಿಯಿಂದ ನೆಗೆದರು. ‘ಈ ಸೈಲೆನ್ಸ್ ಮತ್ತೆ ಸಿಗಲ್ಲ. ಪ್ರಪೋಸಲ್ ಸೀನ್ ಈಗಲೇ ತಗೊಂಬಿಡೋಣ. ಮಾತು ಇಲ್ಲೇ ರೆಕಾರ್ಡ್ ಆಗಲಿ. ಮೇಷ್ಟ್ರೇ, ಕಿವಿ ಮೈಕ್ ಹಾಕಿ.’

ದೀಪಗಳಿಗೆ ಓಣಿಯಾಚೆ ದೂರದಲ್ಲಿ ನಮ್ಮದೇ ಜನರೇಟರ್ ಇತ್ತು. ಎಲ್ಲರೂ ಓಡಾಡತೊಡಗಿದರು. ಇಲ್ಲಿ ಎರಡು ಪದ್ಧತಿಗಳು ಒಂದಕ್ಕೊಂದು ಢಿಕ್ಕಿ ಹೊಡೆದವು, ಅದನ್ನು ಬಿಡಿಸಿ ಹೇಳುತ್ತೇನೆ. ಕರೆಂಟು ಹೋದರೆ ಮಗ್ಗದವರು ಮಗ್ಗದ ಹಿಡಿಯನ್ನು ಸರಿಸಿ ಎದ್ದು ಹೋಗುತ್ತಾರೆ. ಗೋಡೆಯ ಸ್ವಿಚ್ಚನ್ನು ಮುಟ್ಟುವುದಿಲ್ಲ. ಹಿಡಿ ಸರಿದಿದ್ದರೆ ಕರೆಂಟು ಬಂದು ಮೋಟಾರು ತಿರುಗಿದರೂ ಮಗ್ಗ ಓಡುವುದಿಲ್ಲ. ಗಂಗಕ್ಕ ಹಾಗೆಯೇ ಮಾಡಿದ್ದಳು. ಆದರೆ ಸಿನಿಮಾದಲ್ಲಿ ಕಂಟಿನ್ಯೂಟಿ ಎಂದು ಒಂದು ಕೆಲಸವಿದೆ. ಹಿಂದಿನ ಶಾಟ್‌ನಲ್ಲಿ ಯಾವ ವಸ್ತು ಹೇಗಿತ್ತೋ ಮುಂದಿನ ಶಾಟ್‌ನಲ್ಲೂ ಹಾಗೇ ಇರಬೇಕು. ಅದನ್ನು ನೋಡಿಕೊಳ್ಳುತ್ತಿದ್ದ ನವೀನ್ ಎಂಬ ಸಹಾಯಕ ನಿರ್ದೇಶಕ ಬಹಳ ಕಟ್ಟುನಿಟ್ಟು. ಮಾನಿಟರಿನಲ್ಲಿ ಹಿಂದಿನ ಶಾಟ್ ನೋಡಿದ. ಮಗ್ಗ ಓಡುತ್ತಿದ್ದಾಗ ಹಿಡಿ ಯಾವ ಕಡೆ ಇತ್ತೋ ಆ ಕಡೆಗೆ ತಂದು ನಿಲ್ಲಿಸಿದ. ಅವನ ಕೆಲಸದ ಪ್ರಕಾರ ಅದು ಸರಿ. ಗಂಗಕ್ಕ ಬಾಗಿಲಲ್ಲಿ ಲೈಟಿನ ಸ್ಟ್ಯಾಂಡಿನ ಹಿಂದೆ ನಿಂತಿದ್ದಳು, ಅವಳಿಗೆ ಅದು ಕಾಣಲಿಲ್ಲ.

ನಾನು ಪಕ್ಕದ ಮಗ್ಗದ ಮರೆಯಲ್ಲಿ, ನೆಲದ ಮೇಲೆ, ಮೈಕು ಬಾಯಿಗೆ ಹಿಡಿದು ಕೂತಿದ್ದೆ. ಜಸ್ಲೀನ್ ಮಗ್ಗದ ಬದಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಸ್ವಂತ ಕೂದಲು ಭುಜದವರೆಗೆ ಮಾತ್ರ. ಬನಹಟ್ಟಿಯ ಹುಡುಗಿಗೆ ಉದ್ದ ಜಡೆ ಬೇಕೆಂದು ಚೌರಿ ಸೇರಿಸಿ, ಪಿನ್ನು ಹಾಕಿ ಮೊಣಕಾಲಿನ ತನಕ ಹೆಣೆದಿದ್ದರು. ಎದುರಿಗೆ, ಕೈಯಳತೆಯಲ್ಲಿ, ಚೇತನ್.

ಶಾಟ್ ಶುರುವಾಯಿತು. ಚೇತನ್ ತನ್ನ ಮುರುಕು ಕನ್ನಡದಲ್ಲಿ, ‘ನಿನ್ನ ಅಪ್ಪಾಜಿ ಹತ್ರ ಕೇಳಿದೆ’ ಎಂದ. ನಾನು ಪಿಸುಗುಟ್ಟಿದೆ. ಅವಳು ಹುಬ್ಬು ಕುಣಿಸಿ, ‘ನಮ್ಮಪ್ಪನ್ನ ಕೇಳಿದ್ರ ಆತೇನ? ನನ್ನ ಕೇಳೂದ ಬ್ಯಾಡೇನ?’ ಎಂದಳು. ಎಂಥ ಚಂದ ಹೇಳಿದಳು ಎಂದರೆ ನನ್ನ ಮೈ ಜುಮ್ಮೆಂದಿತು.

ಆಗ ಕರೆಂಟು ಬಂತು.

ಓಣಿಯ ಮೋಟಾರುಗಳೆಲ್ಲ ಗೊರ್ರೆಂದು ಎದ್ದವು. ಅದರೊಳಗೆ ಜಸ್ಲೀನ್ ಬೆನ್ನಿಗಿದ್ದ ಮಗ್ಗ ಓಡತೊಡಗಿದ ಸದ್ದು ಯಾರಿಗೂ ಬೇರೆಯಾಗಿ ಕೇಳಲಿಲ್ಲ. ನಾನು ಕೂತ ಎತ್ತರಕ್ಕೆ ಸರಿಯಾಗಿ ಆ ಮಗ್ಗದ ಬದಿಯ ಹಲ್ಲಿನ ಗಾಲಿಗಳು. ಒಂದರೊಳಗೆ ಒಂದು ಸೇರಿ ತಿರುಗುವ ಎರಡು ಕಬ್ಬಿಣದ ಗಾಲಿ. ಅವುಗಳ ನಡುವೆ ಜಡೆಯ ತುದಿ ಹೋಗುವುದು ನನಗೆ ಕಂಡಿತು.

ನಾನು ಮೈಕಿನಲ್ಲಿ ಕೂಗಿದೆ. ‘ಹಿಂದ ನೋಡ್ರಿ! ಜಡಿ ಸಿಕ್ಕೈತಿ!’

ಜಸ್ಲೀನ್ ಚೇತನನ ಕಣ್ಣಲ್ಲಿ ಕಣ್ಣಿಟ್ಟು, ತುಟಿಯಂಚಿನಲ್ಲಿ ನಗು ತಂದುಕೊಂಡು, ಅಕ್ಷರ ಬಿಡದೆ ಹೇಳಿದಳು. ‘ಹಿಂದ ನೋಡ್ರಿ. ಜಡಿ ಸಿಕ್ಕೈತಿ.’

ಆ ಗದ್ದಲದಲ್ಲಿ ಅದು ಕೇಳಿದ್ದು ಚೇತನ್‌ಗೆ ಮಾತ್ರ. ನನಗೆ ಅವಳ ತುಟಿಯಿಂದ ಗೊತ್ತಾಯಿತು. ಚೇತನ್ ಒಳ್ಳೆಯ ನಟ. ಎದುರಿನವಳು ಏನೋ ಹೊಸದು ಸೇರಿಸಿದಳು ಎಂದುಕೊಂಡು ಅವಳು ಹೇಳಿದ ಹಾಗೆಯೇ ಮಾಡಿದ. ಹಿಂದೆ ತಿರುಗಿ ನೋಡಿದ. ಅವನ ಹಿಂದೆ ಗೋಡೆ ಇತ್ತು. ಮಾನಿಟರಿನ ಮುಂದೆ ಸುಹಾಸ್, ಸದ್ದು ಕೆಟ್ಟಿದ್ದರೂ ‘ಕಟ್’ ಹೇಳುವುದನ್ನು ಮರೆತು, ಸಂತೋಷದಿಂದ ತೊಡೆ ತಟ್ಟಿಕೊಂಡರು.

ಜಡೆ ಒಂದು ಗೇಣು ಒಳಗೆ ಹೋಗಿತ್ತು. ‘ಅಯ್ಯೋ ಓಡವಾ!’ ಎಂದೆ. ಅವಳು ‘ಅಯ್ಯೋ’ ಎಂದಳು, ಲಾಲಿಸುವ ದನಿಯಲ್ಲಿ, ಕತ್ತು ಕೊಂಚ ವಾಲಿಸಿ. ಅದೇ ಕ್ಷಣ ಆ ಕತ್ತು ಹಿಂದಕ್ಕೆ ಜಗ್ಗಿಹೋಯಿತು.

ನಾನು ಮೈಕು ಬಿಸಾಕಿ ಎದ್ದೆ. ಆಯುಷ್ಯದಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ಹೋದೆ. ಅವಳ ಎರಡೂ ತೋಳು ಹಿಡಿದು ಮುಂದಕ್ಕೆ ಎಳೆದೆ. ಮಗ್ಗ ಆ ಕಡೆ ಎಳೆಯುತ್ತಿತ್ತು. ಯಾವುದು ಗೆಲ್ಲುತ್ತದೆಂದು ನನಗೆ ಗೊತ್ತಿತ್ತು. ಆಗ ಪಿನ್ನುಗಳು ಕಿತ್ತವು. ಚೌರಿ ಬುಡಸಮೇತ ಬಿಚ್ಚಿಕೊಂಡು ಗಾಲಿಯೊಳಗೆ ಹೋಯಿತು, ಅದರ ಜೊತೆ ಅವಳ ಸ್ವಂತ ಕೂದಲಿನದೂ ಒಂದು ಹಿಡಿ. ನಾವಿಬ್ಬರೂ ಚೇತನನ ಮೇಲೆ ಬಿದ್ದೆವು. ಅಷ್ಟರಲ್ಲಿ ಗಂಗಕ್ಕ ಲೈಟಿನ ಸ್ಟ್ಯಾಂಡನ್ನು ದೂಡಿ ಬಂದು ಹಿಡಿಗೆ ಹೊಡೆದಳು. ಮಗ್ಗ ಕೂದಲು ಕಚ್ಚಿಕೊಂಡು ನಿಂತಿತು.

ಕಣ್ಣು ಮುಚ್ಚಿದರೆ ನನಗೆ ರಕ್ತ ಕಾಣುವುದಿಲ್ಲ, ಕಿರುಚಿದ್ದೂ ಕೇಳುವುದಿಲ್ಲ. ಆ ಎರಡು ಗಾಲಿಗಳ ಮುಂದೆ ನಿಂತು ‘ಜಡಿ ಸಿಕ್ಕೈತಿ’ ಎಂದು ಪ್ರೀತಿಯಿಂದ ಹೇಳಿದ ಮುಖ ಕಾಣುತ್ತದೆ. ಸಾವು ಬೆನ್ನಿಗಿದೆ, ಅದರ ಹೆಸರು ಹೇಳುತ್ತಿದ್ದಾಳೆ, ಅವಳಿಗೆ ಗೊತ್ತಿಲ್ಲ. ನಾನು ಹಿಂದಿಯಲ್ಲಿ ಕೂಗಬಹುದಿತ್ತಲ್ಲ ಎಂದು ಆಮೇಲೆ ಅನೇಕರು ಕೇಳಿದರು. ಹೆದರಿದಾಗ ಬಾಯಿಗೆ ಬರುವುದು ತಾಯಿ ಕಲಿಸಿದ ಮಾತು. ಯಾರಿಗಾದರೂ ಅಷ್ಟೇ.

ಜಸ್ಲೀನ್‌ಗೆ ನೆತ್ತಿಯ ಹಿಂದೆ ಹೊಲಿಗೆ ಬಿದ್ದವು, ಕತ್ತು ಉಳುಕಿತ್ತು. ಬೇರೇನೂ ಆಗಲಿಲ್ಲ. ನವೀನ್ ಅಂಗಳದ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತವನು ಏಳಲೇ ಇಲ್ಲ. ಕೊನೆಗೆ ಗಂಗಕ್ಕನೇ ತಂಬಿಗೆಯಲ್ಲಿ ನೀರು ಕೊಟ್ಟು, ‘ಕುಡಿಯೋ. ಆಕಿ ಅದಾಳ. ಅಳಬ್ಯಾಡ’ ಎಂದಳು.

ಚಂಡೀಗಢದಿಂದ ತಾಯಿಯ ಫೋನು ಮೇಲಿಂದ ಮೇಲೆ. ವಾಪಸ್ಸು ಬಾ ಎಂದೇ ಅವರ ಮಾತು. ಚಿತ್ರೀಕರಣ ನಿಂತಿತು. ಇನ್ನು ಉಳಿದದ್ದು ಆ ಪ್ರಪೋಸಲ್ ದೃಶ್ಯ ಮತ್ತು ಕೆಲವು ಮಾತಿನ ತುಣುಕುಗಳು. ಜಸ್ಲೀನ್ ಹೋದರೆ ಸಿನಿಮಾ ಅರ್ಧಕ್ಕೆ ನಿಂತಂತೆ, ಅವಳ ಮೂರನೆಯ ಅವಕಾಶವೂ ಮುಗಿದಂತೆ. ಅವಳು ಗಂಗಕ್ಕನ ಪಡಸಾಲೆಯಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾಗ ಸುಹಾಸ್ ಮೆಲ್ಲಗೆ ಒಂದು ದಾರಿ ಹೇಳಿದರು. ಮಾತಿನ ಬದಲು ಒಂದು, ಎರಡು, ಮೂರು ಎಂದು ಎಣಿಸಿದರೆ ಸಾಕು, ಆಮೇಲೆ ಯಾರಿಂದಲಾದರೂ ಡಬ್ಬಿಂಗ್ ಮಾಡಿಸುತ್ತೇನೆ ಎಂದರು. ಅನೇಕ ನಟಿಯರು ಹಾಗೆ ಮಾಡಿ ಹೆಸರು ಮಾಡಿದ್ದಾರೆ, ಅದರಲ್ಲಿ ಅವಮಾನವೇನಿಲ್ಲ.

ಅವಳು ಬೇಡವೆಂದಳು. ಕಿವಿಯ ಯಂತ್ರವನ್ನು ನನ್ನ ಅಂಗೈಯಲ್ಲಿಟ್ಟು ಹಿಂದಿಯಲ್ಲಿ ಹೇಳಿದಳು. ‘ಇದನ್ನೂ ಇನ್ನು ಹಾಕಿಕೊಳ್ಳುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ ಮಾಸ್ಟರ್‌ಜೀ, ನನ್ನನ್ನು ಉಳಿಸಿದವರು ನೀವು. ಆದರೆ ಇನ್ನು ನೀವು ಏನು ಪಿಸುಗುಟ್ಟಿದರೂ ಇದು ಸಂಭಾಷಣೆಯೋ, ಬೆಂಕಿ ಬಿದ್ದಿದೆಯೋ ಎಂದು ನನಗೆ ಅನುಮಾನ ಬರುತ್ತದೆ. ಅಂದು ನಾನು ಏನು ಹೇಳಿದೆ? ಅದರ ಅರ್ಥ ಹೇಳಿ.’

ಹೇಳಿದೆ. ಒಂದೊಂದೇ ಶಬ್ದ ಬಿಡಿಸಿ ಹೇಳಿದೆ. ಹಿಂದ ಅಂದರೆ ಪೀಛೇ. ಜಡಿ ಅಂದರೆ ಚೋಟಿ. ಸಿಕ್ಕೈತಿ ಎಂಬುದಕ್ಕೆ ಬರುವಷ್ಟರಲ್ಲಿ ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಉಳಿದ ಎಲ್ಲ ಮಾತುಗಳ ಅರ್ಥ ಬೇಕು ಎಂದಳು. ಅರ್ಥ ತಿಳಿದು, ತಾನೇ ಆಡಲು ಬಂದರೆ ಇರುತ್ತೇನೆ, ಇಲ್ಲವಾದರೆ ಹೊರಡುತ್ತೇನೆ ಎಂದಳು.

ಗಾಯ ಮಾಯುವವರೆಗೆ ಅವಳು ಲಾಡ್ಜಿಗೆ ಹೋಗದೆ ಗಂಗಕ್ಕನ ಮನೆಯಲ್ಲೇ ಉಳಿದಳು. ನಾನು ದಿನಾ ಜಮಖಂಡಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ದೊಡ್ಡವರು ಹೇಳಿದ್ದ ಮಾತು ಎಷ್ಟು ಪೊಳ್ಳೆಂದು ಅಲ್ಲಿ ಕಂಡೆ. ಅರ್ಥ ಗೊತ್ತಾದರೆ ತುಟಿ ತಪ್ಪುವುದಿಲ್ಲ, ತಡವಾಗುತ್ತದೆ ಅಷ್ಟೆ. ಆ ತಡವೇ ಮನುಷ್ಯರು ಮಾತಾಡುವ ರೀತಿ. ನಾನು ಪಾಠ ಮಾಡಿದ್ದು ಸ್ವಲ್ಪ. ಉಳಿದದ್ದನ್ನು ಗಂಗಕ್ಕ ಬೈದು ಕಲಿಸಿದಳು.

‘ಏ ಜಸ್ಲೀನವ್ವಾ, ಹಿಟ್ಟ ಹಿಂಗ ನಾದತಾರೇನ? ನಿಮ್ಮವ್ವ ಏನೂ ಕಲಿಸಿಲ್ಲೇನ?’

‘ಕಲಿಸಿಲ್ರಿ’ ಎನ್ನುತ್ತಿದ್ದಳು ಜಸ್ಲೀನ್, ಮೊಣಕೈವರೆಗೆ ಜೋಳದ ಹಿಟ್ಟು.

‘ಖರೆ ಹೇಳಾಕ ನಾಚಿಕಿ ಇಲ್ಲ ನೋಡ್ರಿ ಮಾಸ್ತರ ಈ ಹುಡುಗಿಗೆ.’

ಚಿತ್ರೀಕರಣ ಮತ್ತೆ ಶುರುವಾದ ದಿನ ಬೆಳಿಗ್ಗೆ ನಾನು ಗಂಗಕ್ಕನಿಗಿಂತ ಮೊದಲೇ ಶೆಡ್ಡಿನಲ್ಲಿದ್ದೆ. ಆ ಮಗ್ಗದ ಹಿಡಿ ಸರಿದಿದೆಯೇ ಎಂದು ಎರಡೆರಡು ಸಲ ನೋಡಿದೆ. ಗಂಗಕ್ಕ ಬಂದವಳೇ ಮೋಟಾರಿನ ಪಟ್ಟಾವನ್ನು ಕಳಚಿ ಹೆಗಲ ಮೇಲೆ ಹಾಕಿಕೊಂಡಳು. ‘ಈಗ ವಿಧಾನಸೌಧದ್ದೇ ಕರೆಂಟ್ ಬಂದ್ರೂ ಇದು ತಿರಗಂಗಿಲ್ಲ’ ಎಂದಳು. ಶಾಟ್ ಮುಗಿಯುವವರೆಗೆ ಮಗ್ಗ ನಿಲ್ಲಿಸಲು ಓಣಿಯವರನ್ನೂ ಅವಳೇ ಒಪ್ಪಿಸಿದ್ದಳು. ಜಸ್ಲೀನ್ ಕೂದಲನ್ನು ಸಣ್ಣ ತುರುಬು ಕಟ್ಟಿ, ಗಾಯ ಕಾಣದಂತೆ ಹೂ ಮುಡಿದು ಬಂದಳು. ನವೀನ್ ಅಳುಕುತ್ತ, ‘ಸರ್, ಹಿಂದಿನ ಶಾಟ್‌ನಲ್ಲಿ ಉದ್ದ ಜಡೆ ಇತ್ತು’ ಎಂದ.

‘ಲೇ, ತಲಿ ಇದ್ರ ಅಲ್ಲೇನೋ ಜಡಿ?’ ಎಂದಳು ಗಂಗಕ್ಕ. ಸುಹಾಸ್ ಕಂಟಿನ್ಯೂಟಿಯನ್ನು ಬಿಟ್ಟುಕೊಟ್ಟರು.

ಜಸ್ಲೀನ್ ನನ್ನ ಹತ್ತಿರ ಬಂದು ಒಂದು ಬೇಡಿಕೆ ಇಟ್ಟಳು. ಶಾಟ್ ಆಗುವಾಗ ನಾನು ಅವಳ ಕಣ್ಣಿಗೆ ಬೀಳುವಲ್ಲಿ ಇರಬಾರದು. ಕಂಡರೆ ನನ್ನ ತುಟಿ ನೋಡುತ್ತೇನೆ ಎಂದಳು. ಹೀಗೆ ನನ್ನ ಕೊನೆಯ ಶಾಟ್‌ನಲ್ಲಿ ನಾನು ಸುಹಾಸರ ಕುರ್ಚಿಯ ಹಿಂದೆ, ಬರೀ ನೋಡುವವನಾಗಿ ನಿಂತೆ. ಎಲ್ಲಾದರೂ ಏನಾದರೂ ಆದರೆ ಹೇಳಲು ನನ್ನ ದನಿ ಅವಳ ಕಿವಿಯಲ್ಲಿ ಇಲ್ಲವಲ್ಲ ಎಂದು ಗಳಿಗೆಗೊಮ್ಮೆ ಆ ಗಾಲಿಗಳ ಕಡೆ ನೋಡುತ್ತಿದ್ದೆ. ಸುಹಾಸರೂ ಅಷ್ಟೇ ಬಿಗಿಯಾಗಿದ್ದರು. ಇದು ಆಗದಿದ್ದರೆ ಹೊರಡಲೆಂದು ಅವಳ ಚೀಲ ಪಡಸಾಲೆಯಲ್ಲಿ ಕಟ್ಟಿಟ್ಟಾಗಿತ್ತು.

ಚೇತನ್ ಈ ಸಲ ಶೆಡ್ಡಿನ ಬಾಗಿಲ ಹೊರಗೆ ನಿಂತು, ‘ನಿನ್ನ ಅಪ್ಪಾಜಿ ಹತ್ರ ಕೇಳಿದೆ’ ಎಂದ.

‘ನಮ್ಮಪ್ಪನ್ನ ಕೇಳಿದ್ರ ಆತೇನ?’ ಜಸ್ಲೀನ್ ಹೇಳಿದಳು. ‘ನನ್ನ ಕೇಳೂದ ಬ್ಯಾಡೇನ?’

‘ಈಗ ಕೇಳ್ತೀನಿ.’

ಮುಂದೆ ಅವಳಿಗೆ ನಾಲ್ಕು ಸಾಲಿನ ಮಾತು. ಮೀನು, ಭಾಷೆ, ಊರು, ಅಪ್ಪ ಎಲ್ಲವೂ ಅದರಲ್ಲಿದ್ದವು. ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಮರೆತಿದ್ದಳು. ನನ್ನ ನಾಲಗೆ ಹಲ್ಲಿನ ಹಿಂದೆ ತಾನಾಗಿ ಆಡಿತು. ನನ್ನ ಪಕ್ಕದಲ್ಲಿ ಗಂಗಕ್ಕನ ಕೈ ಹೆಗಲ ಮೇಲಿನ ಪಟ್ಟಾವನ್ನು ಬಿಗಿಯಾಗಿ ಹಿಡಿಯಿತು. ಸುಹಾಸ್ ‘ಕಟ್’ ಎನ್ನಲು ಕೈ ಎತ್ತಿದರು.

ಜಸ್ಲೀನ್ ಹೊಸ್ತಿಲಾಚೆ ನಿಂತಿದ್ದ ಚೇತನನನ್ನು ನೋಡಿದಳು. ನಿಧಾನಕ್ಕೆ ನೋಡಿದಳು. ಆಮೇಲೆ ಮನೆಯೊಡತಿಯೊಬ್ಬಳು ಗದರುವ ಹಾಗೆ ಹೇಳಿದಳು.

‘ಹೊರಗ ಯಾಕ ನಿಂತಿ? ಒಳಗ ಬಾ. ರೊಟ್ಟಿ ಆರಾಕತ್ತಾವ.’

ಅದು ಬರೆದ ಮಾತಲ್ಲ. ಸುಹಾಸ್ ಎತ್ತಿದ ಕೈ ಹಾಗೇ ನಿಂತಿತು. ಚೇತನ್ ಒಂದು ಕ್ಷಣ ತಡೆದ, ನಂತರ ಬಗ್ಗಿ ಶೂ ಬಿಚ್ಚಿಟ್ಟು ಹೊಸ್ತಿಲು ದಾಟಿ ಒಳಗೆ ಬಂದ. ಅವನ ಕಣ್ಣಲ್ಲಿ ನೀರಿತ್ತು, ಅದೂ ಬರೆದದ್ದಲ್ಲ.

‘ಕಟ್’ ಎಂದದ್ದು ತಡವಾಗಿ. ಸುಹಾಸ್ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಕ್ಯಾಮೆರಾದವರು, ಲೈಟಿನವರು, ನವೀನ್, ಎಲ್ಲರೂ ತಿರುಗಿದರು.

‘ಮೇಷ್ಟ್ರೇ, ಈ ಸಾಲು ನೀವು ಹೇಳಿಕೊಟ್ಟಿದ್ದಾ?’

ನಾನು ಎರಡೂ ಬರಿಗೈ ಎತ್ತಿ ತೋರಿಸಿದೆ.